ಸಾಲು ಸಿಕ್ಕಿತು, ಉತ್ತರ ಸಿಗಲಿಲ್ಲ: ಒಂಬತ್ತನೇ ತರಗತಿಯ ಒಂದು ಪ್ರಶ್ನೆಯ ಪ್ರಕರಣ

ಪ್ರಶ್ನೆ ಇದು: "ಬೆಂಗಳೂರಿಗೆ ನೀರು ತರುವ ಕೆಲಸ ಕಾಲ ಕಳೆದಂತೆ ಹೆಚ್ಚು ಕಷ್ಟವಾಯಿತು ಎನ್ನಬಹುದೇ? ಗದ್ಯಭಾಗದ ಆಧಾರದಿಂದ ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ." ಅಂಕ 4. ಗದ್ಯ ಕಷ್ಟದ್ದಲ್ಲ, ತಡವರಿಸದೆ ಓದಿ ಮುಗಿಸುವಂಥದ್ದು. ಬಾಯಲ್ಲಿ ಕೇಳಿದರೆ ಅರ್ಧ ತರಗತಿ ಸರಿಯಾಗಿಯೇ ಹೇಳುತ್ತದೆ. ನೋಟ್‌ಬುಕ್ಕು ತೆರೆದರೆ ಮಾತ್ರ ಉತ್ತರ ಇರುವುದಿಲ್ಲ. ಬಾಯಿಗೂ ಕೈಗೂ ನಡುವೆ ಏನು ಕಳೆದುಹೋಗುತ್ತದೆ, ನಾಲ್ಕು ಪೀರಿಯಡ್ಡಿನಲ್ಲಿ ಅದನ್ನು ಹೇಗೆ ಹುಡುಕಬಹುದು ಎಂಬುದು ಇಲ್ಲಿನ ವಿಷಯ.

ತರಗತಿ ಬೆಂಗಳೂರಿನ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯದು ಎಂದಿಟ್ಟುಕೊಳ್ಳಿ. 40 ಮಕ್ಕಳು, 40 ನಿಮಿಷದ ಪೀರಿಯಡ್ಡು. ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡುವವರು, ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬದವರು, ಹಳೇ ಪೇಟೆಯವರು, ಎಲ್ಲರೂ ಒಂದೇ ಬೆಂಚಿನಲ್ಲಿ. ಈ ತರಗತಿಯನ್ನೂ ಉತ್ತರಗಳನ್ನೂ ವಿವರಣೆಗೆಂದು ಕಟ್ಟಿಕೊಂಡದ್ದು. ಉತ್ತರಗಳಲ್ಲಿರುವ ತಪ್ಪುಗಳನ್ನು ಮಾತ್ರ ಕನ್ನಡ ಪಾಠ ಮಾಡುವವರು ಯಾರಾದರೂ ಕಂಡಕೂಡಲೇ ಗುರುತು ಹಿಡಿಯುತ್ತಾರೆ.

ಗದ್ಯಭಾಗ, ಸಾಲು ಸಂಖ್ಯೆಯೊಂದಿಗೆ:

(1) ಬೆಂಗಳೂರಿನ ಒಳಗೆ ದೊಡ್ಡ ನದಿ ಯಾವುದೂ ಹರಿಯುವುದಿಲ್ಲ.
(2) ಊರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ.
(3) ಹಿಂದೆ ಮಳೆಯ ನೀರು ತಗ್ಗಿಗೆ ಹರಿಯುವ ದಾರಿಯಲ್ಲಿ ಏರಿ ಕಟ್ಟಿ ಕೆರೆ ಮಾಡುತ್ತಿದ್ದರು. ಒಂದು ಕೆರೆ ತುಂಬಿ ಕೋಡಿ ಹರಿದರೆ ನೀರು ಕೆಳಗಿನ ಕೆರೆಗೆ ಹೋಗುತ್ತಿತ್ತು.
(4) ಪೇಟೆಯ ಪಕ್ಕದಲ್ಲಿದ್ದ ಧರ್ಮಾಂಬುಧಿ ಕೆರೆ ಊರಿಗೆ ನೀರು ಕೊಡುತ್ತಿತ್ತು.
(5) 1894ರಲ್ಲಿ ಸುಮಾರು 20 ಕಿ.ಮೀ. ದೂರದ ಹೆಸರಘಟ್ಟದಿಂದ ನೀರು ತರುವ ಯೋಜನೆ ಆರಂಭವಾಯಿತು.
(6) 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಅದಕ್ಕೆ ಸೇರಿತು.
(7) 1974ರಲ್ಲಿ ಕಾವೇರಿ ನೀರು ಬಂತು. ಅದನ್ನು ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರಲಾಗುತ್ತದೆ.
(8) ಧರ್ಮಾಂಬುಧಿ ಕೆರೆಯಿದ್ದ ಜಾಗದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ.

ಬಂದ ಉತ್ತರಗಳು

ಮೊದಲನೆಯದು: "1974ರಲ್ಲಿ ಕಾವೇರಿ ನೀರು ಬಂತು, ಅದನ್ನು ಸುಮಾರು 100 ಕಿ.ಮೀ. ದೂರದಿಂದ..." ಎಂದು ಏಳನೇ ಸಾಲಿನ ಪೂರ್ತಿ ನಕಲು. ಸಾಲು ಸರಿಯಾದದ್ದೇ. ಪ್ರಶ್ನೆಗೆ ಹೌದೋ ಅಲ್ಲವೋ ಎಂಬುದು ಎಲ್ಲೂ ಇಲ್ಲ.

ಎರಡನೆಯದು: "ಹೌದು ಕಷ್ಟ. ನಮ್ಮ ಏರಿಯಾದಲ್ಲಿ ಎರಡು ದಿನಕ್ಕೊಂದು ಸಲ ನೀರು ಬಿಡುತ್ತಾರೆ. ಟ್ಯಾಂಕರ್ ತರಿಸಬೇಕು. ನೀರು ಅಮೂಲ್ಯ, ಅದನ್ನು ಮಿತವಾಗಿ ಬಳಸಬೇಕು." ಬರೆದವನಿಗೆ ನೀರಿನ ಕಷ್ಟ ಗೊತ್ತು, ಗದ್ಯ ಬರೆದವರಿಗಿಂತ ಚೆನ್ನಾಗಿಯೇ ಗೊತ್ತು. ಆದರೆ ಈ ಉತ್ತರ ಬರೆಯಲು ಗದ್ಯ ಓದುವ ಅಗತ್ಯವೇ ಇರಲಿಲ್ಲ. ಕೊನೆಯ ವಾಕ್ಯ ಪ್ರಬಂಧದ ಅಭ್ಯಾಸದಿಂದ ತಾನಾಗಿ ಬಂದದ್ದು.

ಮೂರನೆಯದು: "ಬೆಂಗಳೂರಿಗೆ ನೀರು ತರುವ ಕೆಲಸ ಕಾಲ ಕಳೆದಂತೆ ಹೆಚ್ಚು ಕಷ್ಟವಾಯಿತು ಎನ್ನಬಹುದು. ಏಕೆಂದರೆ ಕೆರೆಯ ಜಾಗದಲ್ಲಿ ಬಸ್ ನಿಲ್ದಾಣವಿದೆ." ಮೊದಲ ವಾಕ್ಯದ ಕರಾಮತ್ತು ನೋಡಿ. ‘ಎನ್ನಬಹುದೇ’ ಎಂಬಲ್ಲಿ ಏಕಾರ ತೆಗೆದು ಉಕಾರ ಹಾಕಿದರೆ ಕನ್ನಡದಲ್ಲಿ ಪೂರ್ಣ ವಾಕ್ಯ ಸಿದ್ಧ. ಒಂದೂವರೆ ಸಾಲು ತುಂಬಿತು, ಯೋಚನೆ ಒಂದು ಹನಿ ಖರ್ಚಾಗಲಿಲ್ಲ.

ನಾಲ್ಕನೆಯದು: "ಹೌದು, ಕಷ್ಟವಾಯಿತು. ಗದ್ಯದಲ್ಲಿ ‘100 ಕಿ.ಮೀ. ದೂರದಿಂದ, 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ’ ಎಂದು ಹೇಳಿದ್ದಾರೆ." ಇದು ತರಗತಿಯ ಜಾಣ ಹುಡುಗಿಯ ಉತ್ತರ. ಸಾಮಾನ್ಯವಾಗಿ ಪಕ್ಕದಲ್ಲಿ ಕೆಂಪು ಶಾಯಿಯ ‘ಗುಡ್’ ಬಿದ್ದು ಮುಂದಿನ ಪುಟಕ್ಕೆ ಹೋಗುತ್ತದೆ. ಈ ಪ್ರಕರಣದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇದರ ಮುಂದೆಯೇ.

ಸಾಮಾನ್ಯ ಮದ್ದು ಏಕೆ ಹತ್ತುವುದಿಲ್ಲ

ಮೊದಲ ಮದ್ದು ಮಾದರಿ ಉತ್ತರವನ್ನು ಬೋರ್ಡಿನ ಮೇಲೆ ಬರೆದುಕೊಡುವುದು. 40 ನೋಟ್‌ಬುಕ್ಕಿನಲ್ಲಿ 40 ಸರಿ ಉತ್ತರ ಬರುತ್ತದೆ, ಪರೀಕ್ಷೆಯಲ್ಲಿ ಅಪಠಿತ ಗದ್ಯ, ಅಂದರೆ ಮೊದಲು ಓದಿರದ ಗದ್ಯ, ಎದುರಾದ ದಿನ 40 ಕೈಗಳೂ ನಿಂತುಹೋಗುತ್ತವೆ. ಗೈಡು ಮಾಡುವುದೂ ಇದನ್ನೇ, ಸ್ವಲ್ಪ ಚೆನ್ನಾದ ಅಚ್ಚಿನಲ್ಲಿ. ಎರಡನೆಯದು ‘ಇನ್ನೂ ವಿವರಿಸು’ ಎಂದು ಮಾರ್ಜಿನ್ನಿನಲ್ಲಿ ಬರೆಯುವುದು. ಮಗುವಿಗೆ ಅದು ‘ಇನ್ನೂ ಉದ್ದ ಬರಿ’ ಎಂದು ಕೇಳಿಸುತ್ತದೆ. ಎಂಟನೇ ಸಾಲನ್ನೂ ಇಳಿಸಿ ತರುತ್ತದೆ.

ಮೂರನೆಯದು ಇಂಗ್ಲಿಷ್ ಪೀರಿಯಡ್ಡಿನಿಂದ ಬರುವ ‘ರೇಸ್’ ಸೂತ್ರ: ಪ್ರಶ್ನೆಯನ್ನು ಮತ್ತೆ ಹೇಳು, ಉತ್ತರ ಕೊಡು, ಸಾಲು ತೋರಿಸು, ವಿವರಿಸು. ಸೂತ್ರ ಕೆಟ್ಟದ್ದಲ್ಲ. ಅದನ್ನು ಹಾಗೆಯೇ ಕನ್ನಡಕ್ಕೆ ತಂದಾಗ ಎರಡು ಕಡೆ ಎಡವುತ್ತದೆ. ಪ್ರಶ್ನೆಯನ್ನು ಮತ್ತೆ ಹೇಳು ಎಂದರೆ ಮೂರನೇ ಹುಡುಗನಂತೆ ಒಂದು ಸ್ವರ ಬದಲಿಸಿ ಮುಗಿಸುತ್ತಾರೆ. ಮತ್ತೆ, ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ತುದಿಗೆ ಬರುತ್ತದೆ, ಕಾರಣ ಸಹಜವಾಗಿ ಮೊದಲು ಬರುತ್ತದೆ: ‘ದೂರ ಹೆಚ್ಚಿದ್ದರಿಂದ ಕೆಲಸ ಕಷ್ಟವಾಯಿತು’. ಸೂತ್ರಕ್ಕೆ ಕಟ್ಟುಬಿದ್ದ ಮಗು ಇದನ್ನು ಮುರಿದು ‘ಕಷ್ಟವಾಯಿತು. ಏಕೆಂದರೆ...’ ಎಂದು ಶುರುಮಾಡುತ್ತದೆ. ಆ ‘ಏಕೆಂದರೆ’ಯ ವಾಕ್ಯ ಹಲವು ಸಲ ಹಿಂದಿನ ಮಾತಿಗೆ ಕೂಡಿಕೊಳ್ಳದೆ ಗಾಳಿಯಲ್ಲಿ ನೇತಾಡುತ್ತದೆ. ಮೊದಲ ವಾಕ್ಯದಲ್ಲಿ ನೇರ ಉತ್ತರ ಇರಲಿ, ಮುಂದಿನ ವಾಕ್ಯಗಳಲ್ಲಿ ಕಾರಣವೇ ಮುಂದೆ ನಡೆಯಲಿ. ಕನ್ನಡಕ್ಕೆ ಈ ಹೊಂದಾಣಿಕೆ ಒಗ್ಗುತ್ತದೆ.

ಹಾಗೆ ನೋಡಿದರೆ ಹೊರಗಿನ ಸೂತ್ರದ ಅಗತ್ಯವೂ ಅಷ್ಟಿಲ್ಲ. ‘ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ’ ಎಂಬ ಪ್ರಶ್ನೆಯಲ್ಲಿ ಆಯ್ಕೆ, ಸಂದರ್ಭ, ಸ್ವಾರಸ್ಯ ಎಂಬ ಮೂರು ಭಾಗ ಮಕ್ಕಳಿಗೆ ಮೊದಲೇ ರೂಢಿಯಾಗಿದೆ. ಎಲ್ಲಿಂದ ಬಂತು, ಯಾವಾಗ ಯಾರು ಹೇಳಿದರು, ಅದರಿಂದ ಏನು ತಿಳಿಯುತ್ತದೆ. ಆಧಾರ ಕೊಟ್ಟು ಬರೆಯುವುದಕ್ಕೆ ಬೇಕಾದ ಎಲುಬು ಅಲ್ಲೇ ಇದೆ. ವ್ಯಥೆ ಏನೆಂದರೆ ಮೂರರಲ್ಲಿ ಯೋಚನೆ ಬೇಡುವುದು ಸ್ವಾರಸ್ಯ ಒಂದೇ, ಅದನ್ನೇ ‘ಎಂಬುದು ಇಲ್ಲಿ ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ’ ಎಂಬ ಒಂದು ಸಿದ್ಧ ವಾಕ್ಯಕ್ಕೆ ಒಪ್ಪಿಸಿ ಕೈತೊಳೆದುಕೊಂಡಿದ್ದೇವೆ.

ಒಂದನೇ ಪೀರಿಯಡ್ಡು: ಪ್ರಶ್ನೆಯನ್ನು ಬಿಡಿಸುವುದು

ಗದ್ಯವನ್ನು ಎರಡು ಸಲ ಓದಿಸಿ, ಸಾಲುಗಳಿಗೆ ಸಂಖ್ಯೆ ಹಾಕಿಸಿ. ಇದಕ್ಕೆ 12 ನಿಮಿಷ ಸಾಕು. ಉಳಿದದ್ದೆಲ್ಲ ಪ್ರಶ್ನೆಗೆ.

‘ಹೆಚ್ಚು ಕಷ್ಟವಾಯಿತು’ ಎಂಬಲ್ಲಿ ಬೆರಳಿಟ್ಟು ಒಂದೇ ಮಾತು ಕೇಳಬೇಕು: ಯಾವುದಕ್ಕಿಂತ? ಕನ್ನಡದಲ್ಲಿ ಹೋಲಿಕೆಯ ಕೆಲಸ ಮಾಡುವುದು ಈ ‘ಗಿಂತ’. ಪ್ರಶ್ನೆ ಕೊಟ್ಟವರು ಅದನ್ನು ನುಂಗಿಕೊಂಡು ‘ಕಾಲ ಕಳೆದಂತೆ’ ಎಂದು ಬರೆದಿದ್ದಾರೆ. ಮಕ್ಕಳು ‘ಮೊದಲಿಗಿಂತ’ ಎನ್ನುತ್ತಾರೆ. ಮೊದಲು ಹೇಗಿತ್ತು ಎಂದು ತೋರಿಸದೆ ಮೊದಲಿಗಿಂತ ಕಷ್ಟ ಎನ್ನಲು ಬರುತ್ತದೆಯೇ? ಜಾಣ ಹುಡುಗಿಯ ಉತ್ತರದಲ್ಲಿ ತಕ್ಕಡಿಯ ಒಂದೇ ತಟ್ಟೆ ಇದೆ ಎಂದು ಆಗ ಅವಳಿಗೇ ಕಾಣುತ್ತದೆ. ಏಳನೇ ಸಾಲು ‘ಈಗ’, ನಾಲ್ಕನೇ ಸಾಲು ‘ಆಗ’. ಎರಡೂ ಬೇಕು.

ಇದೇ ಪೀರಿಯಡ್ಡಿನಲ್ಲಿ ಎಲ್ಲ ಪ್ರಶ್ನೆಗೂ ಈ ಪಾಟಿ ಬೇಕಿಲ್ಲ ಎಂದೂ ಹೇಳಿಬಿಡಬೇಕು. ‘ಕಾವೇರಿ ನೀರು ಬೆಂಗಳೂರಿಗೆ ಯಾವಾಗ ಬಂತು?’ ಎಂದರೆ 1974 ಎಂದು ಬರೆದರೆ ಮುಗಿಯಿತು. ಅದಕ್ಕೂ ಆಧಾರ, ವಿವರಣೆ ಬರೆಸುವುದು ಅಂಗೈ ಹುಣ್ಣಿಗೆ ಕನ್ನಡಿ ಹಿಡಿದಂತೆ. ‘ಏಕೆ’, ‘ಹೇಗೆ’, ‘ಎನ್ನಬಹುದೇ’, ‘ಸಮರ್ಥಿಸಿ’ ಎಂಬ ಪದಗಳಿದ್ದಲ್ಲಿ ಮಾತ್ರ ಮುಂದಿನ ಹೆಜ್ಜೆಗಳು.

ಎರಡನೇ ಪೀರಿಯಡ್ಡು: ಸಾಲು ಹೆಕ್ಕುವುದು

ನೋಟ್‌ಬುಕ್ಕಿನಲ್ಲಿ ಮೂರು ಕಂಬದ ಪಟ್ಟಿ. ಸಾಲು ಸಂಖ್ಯೆ; ಅದು ಹೇಳುವುದೇನು (ಐದು ಪದ ಮೀರದಂತೆ, ಸ್ವಂತ ಮಾತಿನಲ್ಲಿ); ಅದರಿಂದ ಏನು. ಇವತ್ತು ಮೊದಲ ಎರಡು ಕಂಬ ಮಾತ್ರ. ಮೂರನೆಯದು ಖಾಲಿ ಇರಲಿ, ಖಾಲಿಯಾಗಿ ಕಣ್ಣಿಗೆ ಕುಕ್ಕುತ್ತಿರಲಿ.

ಐದು ಪದದ ಮಿತಿ ನಕಲು ಮಾಡುವ ಕೈಯನ್ನು ಕಟ್ಟಿಹಾಕುತ್ತದೆ. ಏಳನೇ ಸಾಲು ‘ದೂರದಿಂದ ಎತ್ತರಕ್ಕೆ ಪಂಪ್’ ಎಂದಾಗುತ್ತದೆ. ಮೂರನೆಯದು ‘ಮಳೆನೀರು ತಾನೇ ಹರಿಯುತ್ತಿತ್ತು’. ಇಷ್ಟು ಸಣ್ಣದಾಗಿಸಲು ಸಾಲು ಅರ್ಥವಾಗಲೇಬೇಕು. ಮನೆಮಾತು ಬೇರೆ ಇರುವ ಮಕ್ಕಳಿಗೆ ‘ಕೋಡಿ’, ‘ಏರಿ’ ತಡೆಯಾಗಬಹುದು. ಆ ಎರಡು ಪದಕ್ಕೆ ಬೋರ್ಡಿನ ಮೇಲೆ ಒಂದು ಚಿತ್ರ ಬರೆದರೆ ಎರಡು ನಿಮಿಷದ ಕೆಲಸ. ಬಳ್ಳಾರಿ, ರಾಯಚೂರಿನ ಮಕ್ಕಳಿದ್ದರೆ ಅವರಿಗೇ ಬಿಡಿ, ಕೆರೆ ಕೋಡಿ ಬೀಳುವುದನ್ನು ಅವರು ಕಂಡಿರುವ ಸಾಧ್ಯತೆ ಹೆಚ್ಚು.

ಆಮೇಲೆ ಹೆಕ್ಕಿದ ಸಾಲನ್ನು ಬೆರಳಿನಿಂದ ಮುಚ್ಚಿ ಕೇಳಿ: ಇದಿಲ್ಲದೆ ನಿನ್ನ ಉತ್ತರ ನಿಲ್ಲುತ್ತದೆಯೇ? ನಿಂತರೆ ಆ ಸಾಲು ಆಧಾರವಲ್ಲ, ಅಲಂಕಾರ. ಎರಡನೇ ಸಾಲು ಇಲ್ಲಿ ಬೀಳುತ್ತದೆ ಎಂದು ಹಲವರು ಹೇಳುತ್ತಾರೆ. 500 ಮೀಟರ್ ಮೇಲಕ್ಕೆ ಏಕೆ ಎತ್ತಬೇಕು ಎಂದು ಯಾರಾದರೂ ಕೇಳಿದರೆ ಅದು ಮತ್ತೆ ಏಳುತ್ತದೆ. ಈ ಜಗಳ ನಡೆಯಲಿ, ಐದು ನಿಮಿಷ ಹೋದರೂ ನಷ್ಟವಿಲ್ಲ.

ಎಂಟನೇ ಸಾಲಿನ ಜಗಳ ಇನ್ನೂ ಫಲವತ್ತಾದದ್ದು. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದ ಪ್ರತಿ ಮಗುವಿಗೂ ಈ ಸಾಲು ಹಿಡಿಸುತ್ತದೆ, ಅದಕ್ಕೇ ಉತ್ತರದಲ್ಲಿ ತುರುಕುತ್ತಾರೆ. ಕೆರೆ ಹೋದ್ದರಿಂದಲೇ ದೂರದ ನೀರು ತರಬೇಕಾಯಿತು ಎಂದು ಗದ್ಯ ಹೇಳಿದೆಯೇ? ಇಲ್ಲ. ಇಲ್ಲಿ ಕ್ರಿಯಾಪದದ ಬಾಲವನ್ನು ಕಲಿಸಬಹುದು. ಗದ್ಯ ಬಾಯಿಬಿಟ್ಟು ಹೇಳಿದ್ದಕ್ಕೆ ‘ಇದೆ’. ಗದ್ಯ ಹೇಳಿದ ಎರಡು ಮಾತು ಸೇರಿಸಿದಾಗ ತಪ್ಪಿಸಿಕೊಳ್ಳಲಾಗದಂತೆ ಹೊರಡುವುದಕ್ಕೆ ‘ಇರಬೇಕು’. ಗದ್ಯ ಅಡ್ಡ ಬರುವುದಿಲ್ಲ, ಆದರೆ ಒತ್ತಾಸೆಯನ್ನೂ ಕೊಡುವುದಿಲ್ಲ ಎಂದಿದ್ದರೆ ‘ಇರಬಹುದು’. ಕೆರೆ ಮುಚ್ಚಿದ್ದು ಕಾರಣವಾಗಿರಬಹುದು. ತಿಪ್ಪಗೊಂಡನಹಳ್ಳಿ ಹೆಸರಘಟ್ಟಕ್ಕಿಂತ ದೂರ ಇರಬಹುದು. ಆರನೇ ಸಾಲಿನಲ್ಲಿ ದೂರ ಹೇಳಿಲ್ಲ. ‘ಇರಬಹುದು’ ಎಂದು ಬರೆದ ವಾಕ್ಯಕ್ಕೆ ಅಂಕ ಕೊಡುವುದಿಲ್ಲ, ಕಳೆಯುವುದೂ ಇಲ್ಲ ಎಂದು ಮೊದಲೇ ಸಾರಿದರೆ ಮಕ್ಕಳು ಅದನ್ನು ತಾವಾಗಿಯೇ ಕೈಬಿಡುತ್ತಾರೆ.

ಮೂರನೇ ಪೀರಿಯಡ್ಡು: ಕೊಂಡಿ

ಇಡೀ ಪ್ರಕರಣದ ಗಂಟು ಇರುವುದು ಇಲ್ಲಿ.

ಜಾಣ ಹುಡುಗಿ 100 ಕಿ.ಮೀ., 500 ಮೀಟರ್ ಎಂದು ಬರೆದು ನಿಲ್ಲಿಸಿದ್ದೇಕೆ? ಸೋಮಾರಿತನದಿಂದಲ್ಲ. ದೂರದಿಂದ, ಮೇಲಕ್ಕೆ ತರುವುದು ಕಷ್ಟ ಎಂಬುದು ಅವಳಿಗೆ ಹೇಳಬೇಕಾದ ಮಾತೇ ಅಲ್ಲ, ಅಷ್ಟು ಸ್ಪಷ್ಟ. ತಿದ್ದುವವರಿಗೂ ಅದು ಅಷ್ಟೇ ಸ್ಪಷ್ಟ, ಆದ್ದರಿಂದ ಅವರು ಮನಸ್ಸಿನಲ್ಲೇ ಆ ಕೊಂಡಿ ಸೇರಿಸಿಕೊಂಡು ‘ಗುಡ್’ ಹಾಕುತ್ತಾರೆ. ಇಬ್ಬರೂ ಸೇರಿ ಒಂದು ವಾಕ್ಯವನ್ನು ಮಾಯ ಮಾಡುತ್ತಾರೆ. ಕೊಂಡಿ ಇಷ್ಟು ಸಲೀಸಲ್ಲದ ಪ್ರಶ್ನೆ ಬಂದಾಗ, ಉದಾಹರಣೆಗೆ ಕಥೆಯ ಪಾತ್ರವೊಂದರ ಸ್ವಭಾವ ಕೇಳಿದಾಗ, ಆ ಅಭ್ಯಾಸವೇ ಇಲ್ಲದೆ ಕೈ ಸೋಲುತ್ತದೆ.

ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯಶಾಸ್ತ್ರದವರು ಇದನ್ನು ಬಿಡದೆ ಹೇಳಿಸುತ್ತಿದ್ದರು. ಬೆಟ್ಟದಲ್ಲಿ ಬೆಂಕಿಯಿದೆ, ಹೊಗೆ ಇರುವುದರಿಂದ ಎಂದಷ್ಟೇ ಹೇಳಿದರೆ ಸಾಲದು. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿದ್ದಂತೆ. ಈ ಬೆಟ್ಟದಲ್ಲೂ ಅಂಥದೇ ಹೊಗೆ ಇದೆ. ಆದ್ದರಿಂದ ಬೆಂಕಿಯಿದೆ ಎಂದು ಐದು ಮೆಟ್ಟಿಲು ಹತ್ತಿಸುತ್ತಿದ್ದರು. ಒಂಬತ್ತನೇ ತರಗತಿಗೆ ಐದೂ ಬೇಡ. ಮಕ್ಕಳು ಹಾರಿ ದಾಟುವ ಆ ಅಡುಗೆಮನೆಯ ಮೆಟ್ಟಿಲು ಒಂದಿದ್ದರೆ ಸಾಕು.

ಮಾಡಿಸುವುದು ಬಾಯಲ್ಲಿ. ಇಬ್ಬಿಬ್ಬರ ಜೋಡಿ. ಒಬ್ಬರು ಪಟ್ಟಿಯ ಎರಡನೇ ಕಂಬ ಓದಬೇಕು, ಇನ್ನೊಬ್ಬರು ತಗಾದೆ ಮಾಡುವವರ ದನಿಯಲ್ಲಿ ‘ಸರಿ, ಅದರಿಂದ?’ ಎನ್ನಬೇಕು.

"100 ಕಿ.ಮೀ. ದೂರದಿಂದ ಬರುತ್ತೆ."
"ಸರಿ, ಅದರಿಂದ?"
"ಅಷ್ಟುದ್ದ ಪೈಪ್ ಹಾಕಬೇಕು."
"ಅದರಿಂದ?"
"ಮೊದಲು ಪೈಪೇ ಬೇಕಿರಲಿಲ್ಲ, ಕೆರೆ ಪಕ್ಕದಲ್ಲೇ ಇತ್ತು."

ಮೂರನೇ ಮಾತಿನಲ್ಲಿ ಹೋಲಿಕೆ ತಾನಾಗಿ ಬಂತು. ಎರಡು ಸಲ ‘ಅದರಿಂದ’ ಸಾಕು, ನಾಲ್ಕು ಸಲ ಕೇಳಿದರೆ ಮಾತು ದೇಶದ ವಿದ್ಯುತ್ ಕೊರತೆಗೆ ಹೋಗಿ ನಿಲ್ಲುತ್ತದೆ. ಆಡಿದ ಮಾತನ್ನು ತಕ್ಷಣ, ಆಡಿದಂತೆಯೇ ಮೂರನೇ ಕಂಬದಲ್ಲಿ ಬರೆಸಬೇಕು. ‘ಬರುತ್ತೆ’ಯನ್ನು ‘ಬರುತ್ತದೆ’ ಮಾಡುವುದು ನಾಳೆಯ ಕೆಲಸ. ಗ್ರಾಂಥಿಕ ರೂಪಕ್ಕೆ ಈಗಲೇ ಕೈಹಾಕಿದರೆ ಮಗುವಿನ ಗಮನ ಪ್ರತ್ಯಯಕ್ಕೆ ಹೋಗಿ, ಕೊಂಡಿ ಕಳಚುತ್ತದೆ. ಆರಂಭದಲ್ಲಿ ಹೇಳಿದ ಬಾಯಿ, ಕೈ ನಡುವಿನ ನಷ್ಟದ ಬಹುಪಾಲು ಆಗುವುದು ಈ ಅವಸರದಲ್ಲೇ.

ನಾಲ್ಕನೇ ಪೀರಿಯಡ್ಡು: ಬರವಣಿಗೆ

ಪಟ್ಟಿ ಎದುರಿಗಿಟ್ಟುಕೊಂಡು 20 ನಿಮಿಷ ಬರೆಯಲಿ. ಗದ್ಯದ ಮಾತನ್ನು ಹಾಗೆಯೇ ಎತ್ತುವುದಾದರೆ ಆರೇಳು ಪದ ಮೀರಬಾರದು. ಕನ್ನಡದಲ್ಲಿ ಉದ್ದ ಉದ್ಧರಣೆಯ ಬಾಲಕ್ಕೆ ‘ಎಂದು’ ಕಟ್ಟಿ, ಅದಕ್ಕೆ ಕ್ರಿಯಾಪದ ಕಟ್ಟುವಷ್ಟರಲ್ಲಿ ವಾಕ್ಯದ ಕರ್ತೃ ಯಾರೆಂದೇ ಮರೆತಿರುತ್ತದೆ. ‘ಎಂಬ’, ‘ಎನ್ನುವ ಮಾತಿನಿಂದ’, ‘ಇದಕ್ಕೆ ಹೋಲಿಸಿದರೆ’, ‘ಅಂದರೆ’, ‘ಹಾಗಿದ್ದರೂ’ ಇವನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡಿ. ‘ಗದ್ಯಭಾಗದ ಪ್ರಕಾರ’ ಎಂಬುದನ್ನು ಬರೆಯಬೇಡಿ. ಒಮ್ಮೆ ಕೊಟ್ಟರೆ ‘ಗಾದೆಗಳು ವೇದಕ್ಕೆ ಸಮಾನ’ ಎಂಬುದರ ಹಾಗೆ 40 ಉತ್ತರವೂ ಅದರಿಂದಲೇ ಶುರುವಾಗುತ್ತದೆ.

ಬಸ್ ನಿಲ್ದಾಣದ ಹುಡುಗನ ಉತ್ತರ ಈ ಹಂತದಲ್ಲಿ ಹೀಗಾಗುತ್ತದೆ:

"ಹೌದು, ಮೊದಲಿಗಿಂತ ಈಗ ಕಷ್ಟ. ಮೊದಲು ನೀರು ಪೇಟೆಯ ಪಕ್ಕದ ಧರ್ಮಾಂಬುಧಿ ಕೆರೆಯಿಂದ ಸಿಗುತ್ತಿತ್ತು. ಮಳೆಯ ನೀರು ತಗ್ಗಿಗೆ ತಾನಾಗಿ ಹರಿದು ಕೆರೆ ತುಂಬುತ್ತಿದ್ದುದರಿಂದ ಯಂತ್ರ ಬೇಕಿರಲಿಲ್ಲ. ಈಗ ಕಾವೇರಿ ನೀರನ್ನು ‘500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ’ ತರಬೇಕು, ದೂರವೂ 100 ಕಿ.ಮೀ. ನೀರು ತಾನಾಗಿ ಮೇಲಕ್ಕೆ ಹತ್ತುವುದಿಲ್ಲವಾದ್ದರಿಂದ ಪಂಪು, ಕೊಳವೆ ಎರಡೂ ಬೇಕು, ಕೆಲಸ ಹೆಚ್ಚು."

‘ಯಂತ್ರ ಬೇಕಿರಲಿಲ್ಲ’ ಎಂದು ಗದ್ಯದಲ್ಲಿಲ್ಲ. ಮೂರನೇ ಸಾಲಿನಿಂದ ಹೊರಟದ್ದು. ಕಟ್ಟುನಿಟ್ಟಾಗಿ ನೋಡಿದರೆ ಅಲ್ಲಿ ‘ಬೇಕಿರಲಿಕ್ಕಿಲ್ಲ’ ಎಂದಿರಬೇಕಿತ್ತು. ಬಿಡಬಹುದು. ಬಸ್ ನಿಲ್ದಾಣ ತಾನಾಗಿ ಬಿದ್ದುಹೋಗಿದೆ ಎಂಬುದನ್ನು ಗಮನಿಸಿ.

ತಿದ್ದುವುದು, ಅಂಕ ಕೊಡುವುದು

ತಿದ್ದಲು ಎರಡೇ ಗುರುತು. ಆಧಾರ ಇಲ್ಲದ ಮಾತಿನ ಪಕ್ಕ ‘ಎಲ್ಲಿ?’, ಕೊಂಡಿ ಇಲ್ಲದ ಸಾಲಿನ ಪಕ್ಕ ‘ಅದರಿಂದ?’ ಒಂದು ನೋಟ್‌ಬುಕ್ಕಿಗೆ ಒಂದೂವರೆ ನಿಮಿಷದಂತೆ 40ಕ್ಕೆ ಒಂದು ಗಂಟೆ. ಈ ಸುತ್ತಿನಲ್ಲಿ ‘ಅಳ್ಳಿ’ಯನ್ನು ‘ಹಳ್ಳಿ’ ಮಾಡುವ ಆಸೆಯನ್ನು ಹತ್ತಿಕ್ಕಬೇಕು. ಬೆಂಗಳೂರು ಸೀಮೆಯಲ್ಲಿ ಹಕಾರ ತಿದ್ದುತ್ತ ಕೂತರೆ ಪುಟವೆಲ್ಲ ಕೆಂಪಾಗಿ, ಆ ಎರಡು ಗುರುತು ಎಲ್ಲಿವೆಯೆಂದು ಮಗುವಿಗೆ ಕಾಣುವುದೇ ಇಲ್ಲ. ಗುರುತು ಬಿದ್ದ ಜಾಗದಲ್ಲಿ ಒಂದೇ ಒಂದು ವಾಕ್ಯ ಸೇರಿಸಿ ತರಲಿ, ಇಡೀ ಉತ್ತರವನ್ನು ಮತ್ತೆ ಬರೆಸಬೇಡಿ.

4 ಅಂಕದ ಹಂಚಿಕೆ: ನೇರ ಉತ್ತರಕ್ಕೆ 1, ‘ಆಗ’ಕ್ಕೆ ಸಾಲು 1, ‘ಈಗ’ಕ್ಕೆ ಸಾಲು 1, ಕೊಂಡಿಗೆ 1. ಹೀಗಾದರೆ ಬರೀ ನಕಲು ಮಾಡಿದವನಿಗೆ 1 ಸಿಗುತ್ತದೆ, ಜಾಣ ಹುಡುಗಿಯ ಮೊದಲ ಉತ್ತರಕ್ಕೆ 2. ಅವಳಿಗೆ ಬೇಸರವಾಗುತ್ತದೆ, ಮನೆಯವರು ಕೇಳಲು ಬಂದರೂ ಬರಬಹುದು. ಹಂಚಿಕೆಯನ್ನು ಬರೆಯುವ ಮೊದಲೇ ಬೋರ್ಡಿಗೆ ಹಾಕಿದ್ದರೆ ತೋರಿಸಲು ಏನಾದರೂ ಇರುತ್ತದೆ.

ಇನ್ನೊಂದು ಉತ್ತರ ಉಳಿದಿದೆ. ಕೊನೆಯ ಬೆಂಚಿನಿಂದ ಬಂದದ್ದು: "ಇಲ್ಲ, ಮೊದಲೇ ಹೆಚ್ಚು ಕಷ್ಟ. ಆಗ ‘ಮಳೆಯ ನೀರು’ ಮಾತ್ರ ಕೆರೆಗೆ ಬರುತ್ತಿತ್ತು, ಮಳೆ ಬರದಿದ್ದರೆ ಏರಿ ಕಟ್ಟಿದ್ದೂ ವ್ಯರ್ಥ. ಈಗ ಕೊಳವೆಯಲ್ಲಿ ಬರುತ್ತದೆ, ಊರಲ್ಲಿ ಮಳೆಗೆ ಕಾಯಬೇಕಿಲ್ಲ." ಮಾದರಿ ಉತ್ತರದಲ್ಲಿ ‘ಹೌದು’ ಎಂದಿದೆ. ಇಲ್ಲಿ ನೇರ ಉತ್ತರ ಇದೆ, ‘ಆಗ’ ಇದೆ, ‘ಈಗ’ ಇದೆ, ಕೊಂಡಿ ಉಳಿದವರಿಗಿಂತ ಗಟ್ಟಿಯಾಗಿಯೇ ಇದೆ. ‘ಮಾತ್ರ’ ಎಂಬ ಪದ ಗದ್ಯದ್ದಲ್ಲ, ಅದರ ಪಕ್ಕ ‘ಎಲ್ಲಿ?’ ಬೀಳಬೇಕು. ಏಳನೇ ಸಾಲಿನ 500 ಮೀಟರನ್ನು ಜಾಣತನದಿಂದ ತಪ್ಪಿಸಿಕೊಂಡಿದೆ, ಅದನ್ನು ಎದುರಿಸಿ ‘ಹಾಗಿದ್ದರೂ’ ಎಂದು ಮುಂದೆ ಹೋಗಿದ್ದರೆ 4ಕ್ಕೆ 4. ‘ಈಗ’ಕ್ಕೆ ಸಾಲು ತೋರಿಸದ್ದರಿಂದ ಸದ್ಯಕ್ಕೆ 3. ನಕಲು ಮಾಡಿ ‘ಹೌದು’ ಸೇರಿಸಿದ ಉತ್ತರಕ್ಕಿಂತ ಒಂದು ಅಂಕ ಹೆಚ್ಚು, ಮತ್ತು ತರಗತಿಯಲ್ಲಿ ಗಟ್ಟಿಯಾಗಿ ಓದಿಸಬೇಕಾದ ಉತ್ತರ ಇದು.

ಮುಂದಿನ ಗದ್ಯಕ್ಕೆ ಪಟ್ಟಿಯ ಎರಡನೇ ಕಂಬ ತೆಗೆಯಿರಿ, ಅದರ ಮುಂದಿನದಕ್ಕೆ ಪಟ್ಟಿಯನ್ನೇ ತೆಗೆಯಿರಿ, ಸಾಲು ಸಂಖ್ಯೆ ಮಾತ್ರ ಇರಲಿ. ಮೂರು ವಾರದ ಮೇಲೆ ಯಾವ ಸೂಚನೆಯೂ ಇಲ್ಲದೆ ಒಂದು ಅಪಠಿತ ಗದ್ಯ ಕೊಟ್ಟಾಗ ನೋಟ್‌ಬುಕ್ಕಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಸಣ್ಣ ಸಂಖ್ಯೆಗಳನ್ನು ಹಾಕಿಕೊಂಡವರು ಎಷ್ಟು ಮಂದಿ ಎಂದು ಎಣಿಸಿ. ಹಾಕದವರ ಉತ್ತರಗಳನ್ನು ಮೊದಲು ತಿದ್ದಿ. ಪದ್ಯಕ್ಕೆ ಈ ಪಟ್ಟಿ ಒಯ್ಯಬೇಡಿ. ಪದ್ಯದ ಸಾಲನ್ನು ಐದು ಪದಕ್ಕೆ ಇಳಿಸಿದಾಗ ಉಳಿಯುವುದು ಆಧಾರವಾಗಲು ಸಾಲದು, ಅಲ್ಲಿ ಸಾಲಿನ ಪದವನ್ನೇ ಹಿಡಿದು ಮಾತಾಡಬೇಕಾಗುತ್ತದೆ.